ರಾತ್ರಿ ನಿಲ್ಲೋ ಕಂಟೇನರು, ಮುಂಜಾನಿ ಮುನೀಮರ ಫೋನು

ಗಂಜಿನ ಗಣಕ (ಕಲಬುರಗಿ) · ಬುಧವಾರ, ಮುಂಜಾನಿ 7:50

ನಮಸ್ಕಾರ್ರೀ ಎಲ್ಲಾರಿಗೂ. ಗಂಜ್ ಕಡಿ ಅಡತಿ ಅಂಗಡಿ, ದಾಲ್ ಮಿಲ್ಲುಗಳ ಕಂಪ್ಯೂಟರ್ ನೋಡ್ಕೊಳ್ಳೋದು ನನ್ನ ಕೆಲಸ. ಲಿನಕ್ಸ್ ಒಂದಿಷ್ಟು ಬರ್ತದ, ಕಂಟೇನರ್ (ಆ್ಯಪನ್ನ ಅದಕ್ಕ ಬೇಕಾದ್ದೆಲ್ಲಾ ಸೇರಿಸಿ ಕಟ್ಟಿಟ್ಟ ಡಬ್ಬಿ) ಹೊಸಾದು.

ಒಂದು ಮಿಲ್ಲಿನ ಕಾಟಾಕ್ಕ ಸಣ್ಣ ಸಾಫ್ಟ್‌ವೇರ್ ಅದ. ಲಾರಿ ಬಂತಂದ್ರ ತುಂಬಿದ ತೂಕ, ತೊಗರಿ ಇಳಿಸಿದ ಮ್ಯಾಲ ಖಾಲಿ ತೂಕ, ಆಮ್ಯಾಲ ಚೀಟಿ. ಹಳೇ ವಿಂಡೋಸ್ ಡಬ್ಬಾದಾಗ ಓಡ್ತಿತ್ತು, ದೀಪಾವಳಿಗಿ ಅದರ ಹಾರ್ಡ್ ಡಿಸ್ಕ್ ಕೈ ಕೊಟ್ಟಿತು. ಈಗ 8 ಜಿಬಿ ಮೆಮೊರಿದು ಮಷೀನ್ ತಂದು ಅಲ್ಮಾಲಿನಕ್ಸ್ 9 ಹಾಕೀನಿ. ಕಂಟೇನರ್ ಓಡಿಸೋ ಪಾಡ್‌ಮ್ಯಾನ್‌ದಾಗ ಎರಡು ಕಂಟೇನರ್: ಒಂದು ಪೋಸ್ಟ್‌ಗ್ರೆಸ್ ಡೇಟಾಬೇಸ್, ಒಂದು ಕಾಟಾದ ಆ್ಯಪ್. ರೂಟ್ (ಪೂರಾ ಅಧಿಕಾರದ ಯೂಸರ್) ಅಲ್ಲ, ನನ್ನ ಸಾದಾ ಯೂಸರ್‌ದಾಗೇ ಓಡಿಸ್ಲತ್ತೀನಿ. ಎರಡಕ್ಕೂ ರಿಸ್ಟಾರ್ಟ್ ಆಲ್ವೇಸ್ ಅಂತ ಕೊಟ್ಟೀನಿ.

ಸಂಜಿಗಿ ಎಲ್ಲಾ ಬರಾಬರ್. ಮುಂಜಾನಿ ಆರೂವರಿಗಿ ಮುನೀಮರ ಫೋನು: "ಪರದೆ ಮ್ಯಾಲ ಏನೂ ಬರವಲ್ದು, ನಾಕು ಲಾರಿ ನಿಂತಾವ." ಮನಿಯಿಂದ ಎಸ್‌ಎಸ್‌ಎಚ್ ಮಾಡಿ (ದೂರದಿಂದ ಲಾಗಿನ್ ಆಗಿ) ಪಾಡ್‌ಮ್ಯಾನ್ ಪಿಎಸ್ ಹೊಡದ್ರ ಓಡೋ ಕಂಟೇನರ್ ಪಟ್ಟಿ ಖಾಲಿ. ಸ್ಟಾರ್ಟ್ ಕೊಟ್ರ ಏನೂ ಆಗೇ ಇಲ್ಲ ಅನ್ನೋಹಂಗ ಏಳ್ತಾವ. ಶುಕ್ರವಾರ, ಶನಿವಾರ, ಸೋಮವಾರ, ನಿನ್ನಿ, ಹಿಂಗ ನಾಕು ರಾತ್ರಿ ಆಯ್ತು. ರವಿವಾರ ರಾತ್ರಿ ಮಾತ್ರ ನಿಲ್ಲಲಿಲ್ಲ. ಅದೇ ನನಗ ತಲಿ ಕೆಡಿಸ್ಯದ. ಸುಗ್ಗಿ ಟೈಮ್ ಅದ, ಇನ್ನೊಂದ್ ಸಲ ಆದ್ರ ಮಾಲಕ್ರು ಹಳೇ ಡಬ್ಬಾನೇ ರಿಪೇರಿ ಮಾಡ್ಸು ಅಂತಾರ.

ಶಹಾಬಾದಿ ಪರಸಿ (ಶಹಾಬಾದ್) · ಬುಧವಾರ, ಮುಂಜಾನಿ 8:15

ಮೆಮೊರಿ ರೀ ಅಣ್ಣಾ. ರಾತ್ರಿ ಏನರ ಬ್ಯಾಕಪ್ ಓಡ್ತಿರಬೇಕು, ಮೆಮೊರಿ ಸಾಲದಿದ್ರ ಕರ್ನಲ್ (ಲಿನಕ್ಸಿನ ತಿರುಳು) ಹಿಡದು ಕೊಲ್ತದ. ಎಕ್ಸಿಟ್ ಕೋಡ್ 137 ಬಂದದೇನ್ ನೋಡ್ರಿ. 128ಕ್ಕ 9 ಕೂಡಿಸಿದ್ರ 137, ಅಂದ್ರ ಕಿಲ್ ಸಿಗ್ನಲ್ ಬಿದ್ದದ ಅಂತ ಅರ್ಥ. ನನಗ ಹಿಂಗೇ ಆಗಿತ್ತು, 4 ಜಿಬಿ ಹೆಚ್ಗಿ ಹಾಕಿದ ಮ್ಯಾಲ ಆರಾಮ.

ಹೊಟ್ಟೆಪಾಡಿಗೆ ಬೆಂಗಳೂರು · ಬುಧವಾರ, ಬೆಳಿಗ್ಗೆ 9:05

ಊರು ಕಲಬುರಗಿಯೇ, ಕೆಲಸ ಇಲ್ಲಿ. ಪಾಡ್‌ಮ್ಯಾನ್ ಬಿಟ್ಟು ಡಾಕರ್ ಹಾಕಿ ಸಾರ್, ಈ ತಲೆನೋವೇ ಇರಲ್ಲ. ಅಲ್ಲಿ ರಿಸ್ಟಾರ್ಟ್ ಆಲ್ವೇಸ್ ಅಂದರೆ ಆಲ್ವೇಸ್.

ಗಂಜಿನ ಗಣಕ · ಬುಧವಾರ, ಮಧ್ಯಾಹ್ನ 1:30

ಪರಸಿ ಅವರೇ, ಡಿಮೆಸೇಜ್ (ಕರ್ನಲ್ ಲಾಗ್) ಪೂರಾ ಓದಿದೆ, ಮೆಮೊರಿ ಸಾಲದೇ ಕೊಂದ ಗುರ್ತು ಒಂದೂ ಇಲ್ಲ. 8ರಾಗ 2 ಜಿಬಿನೂ ಖರ್ಚಾಗಿಲ್ಲ. ಆದ್ರ ಪೋಸ್ಟ್‌ಗ್ರೆಸ್ ಲಾಗ್‌ದಾಗ ಒಂದು ಸಾಲು ಸಿಕ್ಕದ: "ರಿಸೀವ್ಡ್ ಸ್ಮಾರ್ಟ್ ಶಟ್‌ಡೌನ್ ರಿಕ್ವೆಸ್ಟ್". ನಾಕೂ ರಾತ್ರಿ ಅದೇ ಸಾಲು. ಟೈಮ್ ಮಾತ್ರ ಬ್ಯಾರೆ ಬ್ಯಾರೆ: 10:47, 11:20, 10:05, 10:52. ಕ್ರಾನ್ (ಗೊತ್ತು ಮಾಡಿದ ಟೈಮಿಗಿ ತಾನೇ ಓಡೋ ಕೆಲಸ) ಇದ್ರ ಒಂದೇ ಟೈಮಿಗಿ ಬರ್ಬೇಕಿತ್ತಲ್ಲ?

ಸುರಂಗ ಬಾವಿ (ಬೀದರ) · ಬುಧವಾರ, ಮಧ್ಯಾಹ್ನ 2:10

ಆ ಸಾಲು ಸಿಕ್ಕಿದ್ದು ಚಲೋ ಆಯ್ತು. ಕಿಲ್ ಸಿಗ್ನಲ್ ಬಿದ್ದಿದ್ರ ಪೋಸ್ಟ್‌ಗ್ರೆಸ್ಸಿಗೆ ಲಾಗ್ ಬರಿಲಿಕ್ಕೂ ಪುರಸತ್ತು ಸಿಗ್ತಿರಲಿಲ್ಲ. ಸ್ಮಾರ್ಟ್ ಶಟ್‌ಡೌನ್ ಅಂದ್ರ ಯಾರೋ ಟರ್ಮ್ ಸಿಗ್ನಲ್ ಕಳಿಸ್ಯಾರ, ಅಂದ್ರ ಮರ್ಯಾದಿಲೇ "ಅಂಗಡಿ ಮುಚ್ಚಪಾ" ಅಂದಾರ. ಪಾಡ್‌ಮ್ಯಾನ್ ಸ್ಟಾಪ್ ಹೊಡದ್ರ ಈ ಇಮೇಜಿಗೆ (ಕಂಟೇನರ್ ಹುಟ್ಟಿಸೋ ಅಚ್ಚಿಗೆ) ಟರ್ಮ್ ಹೋಗಂಗಿಲ್ಲ, ಇಂಟ್ ಅನ್ನೋ ಬ್ಯಾರೆ ಸಿಗ್ನಲ್ ಹೋಗ್ತದ, ಆವಾಗ ಲಾಗ್‌ದಾಗ ಫಾಸ್ಟ್ ಶಟ್‌ಡೌನ್ ಅಂತ ಬರ್ತದ. ಅಂದಮ್ಯಾಲ ನಿಲ್ಲಿಸಿದ್ದು ಪಾಡ್‌ಮ್ಯಾನ್ ಅಲ್ಲ.

ಒಂದು ಕೆಲಸ ಮಾಡ್ರಿ. ಲಾಸ್ಟ್ ಅಂತ ಕಮಾಂಡ್ ಅದ, ಯಾರು ಯಾವಾಗ ಲಾಗಿನ್ ಆದ್ರು, ಯಾವಾಗ ಹೋದ್ರು ಅಂತ ತೋರಿಸ್ತದ. ಅದನ್ನ ಈ ನಾಕು ಟೈಮ್ ಜೋಡಿ ಇಟ್ಟು ನೋಡ್ರಿ.

ಗಂಜಿನ ಗಣಕ · ಬುಧವಾರ, ಮಧ್ಯಾಹ್ನ 2:40

ಯಪ್ಪಾ! ನಾಕೂ ಸಲ ನಾನೇ. ಊಟಾ ಮಾಡಿ ಒಂದ್ ಸಲ ಎಲ್ಲಾ ನೋಡಿ, ಎಕ್ಸಿಟ್ ಹೊಡದು ಮಲಗ್ತೀನಿ. ಅದಾಗಿ ಹತ್ತು ಸೆಕೆಂಡಿಗಿ ಆ ಸಾಲು ಬಿದ್ದದ. ರವಿವಾರ ಅಕ್ಕನ ಮಗಳ ನಿಶ್ಚಯಕ್ಕ ಹೋಗಿದ್ದೆ, ಎಕ್ಸಿಟ್ ಹೊಡೀದೆ ಲ್ಯಾಪ್‌ಟಾಪ್ ಮನಿಯಾಗ ಚಾಲೂ ಬಿಟ್ಟು. ಅದಕ್ಕೇ ಅವತ್ತು ನಿಲ್ಲಲಿಲ್ಲ.

ಅಂದ್ರ "ಎಲ್ಲಾ ಬರಾಬರ್ ಅದ" ಅಂತ ನೋಡ್ಲಿಕ್ಕ ಹೋಗಿ ನಾನೇ ಬಂದ್ ಮಾಡಿ ಬರ್ಲತ್ತಿದ್ದೆ.

ಸುರಂಗ ಬಾವಿ · ಬುಧವಾರ, ಸಂಜೆ 6:30

ಡ್ಯೂಟಿ ಮುಗೀತು, ಈಗ ಬರೀತೀನಿ.

ಡಾಕರ್ 2013ರಾಗ ಬಂದಾಗಿಂದ ಅದರ ಹಿಂದ ರೂಟ್ ಅಧಿಕಾರದ ಒಂದು ಡೀಮನ್ (ಹಿನ್ನೆಲಿಯಾಗ ಓಡೋ ಪ್ರೋಗ್ರಾಮ್) ಸದಾ ಕುಂತಿರ್ತದ. ನೀವು ಕಮಾಂಡ್ ಹೊಡದ್ರ ಅದು ಡೀಮನ್ನಿಗೆ ಹೋಗಿ ಹೇಳ್ತದ, ಕಂಟೇನರ್ ಎಬ್ಬಿಸೋದು, ಬಿದ್ರ ಎತ್ತೋದು ಎಲ್ಲಾ ಅದರ ಹೊಣಿ. ನೀವು ಲಾಗೌಟ್ ಆದ್ರ ಅದಕ್ಕೇನೂ ಇಲ್ಲ. ರೆಡ್ ಹ್ಯಾಟ್‌ನವರು 2019ರಾಗ ತಮ್ಮ ಲಿನಕ್ಸಿನ 8ನೇ ಆವೃತ್ತಿ ತಂದಾಗ ಡಾಕರ್ ಕೈ ಬಿಟ್ಟು ಪಾಡ್‌ಮ್ಯಾನ್ ಕೊಟ್ರು. ಇದರಾಗ ಡೀಮನ್ನೇ ಇಲ್ಲ. ನೀವು ಎಬ್ಬಿಸಿದ ಕಂಟೇನರ್ ನಿಮ್ಮ ಯೂಸರ್‌ದೇ ಪ್ರೋಸೆಸ್, ನೀವು ಎಡಿಟರ್ ತೆರದಂಗ.

ಈಗ ಮಷೀನಿನ ಸರ್ವಿಸ್ ಎಲ್ಲಾ ಎಬ್ಬಿಸಿ ನೋಡ್ಕೊಳ್ಳೋ ಸಿಸ್ಟಮ್‌ಡಿ ಕಡಿಂದ ನೋಡ್ರಿ. ನೀವು ಲಾಗಿನ್ ಆದ್ರ ನಿಮ್ಮ ಹೆಸರಿಗೆ ಒಂದು ಯೂಸರ್ ಮ್ಯಾನೇಜರ್ ಏಳ್ತದ, ರನ್ ಒಳಗ ಯೂಸರ್ 1000 ಅಂತ ನಿಮ್ಮ ತಾತ್ಕಾಲಿಕ ಫೋಲ್ಡರ್ ಹುಟ್ತದ. ಕಡೀ ಸೆಷನ್ ಮುಚ್ಚಿ ಹತ್ತು ಸೆಕೆಂಡ್ ಕಾಯ್ತದ. ಆ ಹತ್ತು ಸೆಕೆಂಡ್ ಅದರ ಡಿಫಾಲ್ಟ್. ಯಾರೂ ವಾಪಸ್ ಬರ್ಲಿಲ್ಲಂದ್ರ "ಮನಿಯಾಗ ಯಾರೂ ಇಲ್ಲ" ಅಂತ ದೀಪ ಆರಿಸಿ ಕೀಲಿ ಹಾಕ್ತದ. ನಿಮ್ಮ ಪೋಸ್ಟ್‌ಗ್ರೆಸ್ಸಿಗೆ ಹೋದ ಟರ್ಮ್ ಅದೇ.

ಔಷಧ ಒಂದೇ ಸಾಲು: ಲಾಗಿನ್‌ಸಿಟಿಎಲ್ ಎನೇಬಲ್-ಲಿಂಗರ್, ಮುಂದ ನಿಮ್ಮ ಯೂಸರ್ ಹೆಸರು. ಇದು ಆದ ಮ್ಯಾಲ ನೀವು ಇರ್ಲಿ ಬಿಡ್ಲಿ ಆ ಮ್ಯಾನೇಜರ್ ಮಷೀನ್ ಚಾಲೂ ಆದಾಗ ಎದ್ದು ಬಂದ್ ಆಗೋತನಕ ಇರ್ತದ.

ಆದ್ರ ಇಷ್ಟಕ್ಕೇ ಬಿಡಬ್ಯಾಡ್ರಿ. ಪಾಡ್‌ಮ್ಯಾನ್‌ದಾಗ ರಿಸ್ಟಾರ್ಟ್ ಆಲ್ವೇಸ್ ಅಂದ್ರ ಕಂಟೇನರ್ ತಾನೇ ಸತ್ರ ಎಬ್ಬಿಸ್ತದ, ಖರೆ. ಮಷೀನೇ ರೀಬೂಟ್ ಆದ್ರ ಎಬ್ಬಿಸ್ಲಿಕ್ಕ ಅಲ್ಲಿ ಯಾರೂ ಇಲ್ಲ. ಪಾಡ್‌ಮ್ಯಾನ್-ರಿಸ್ಟಾರ್ಟ್ ಅನ್ನೋ ಸರ್ವಿಸ್ ಬ್ಯಾರೆ ಎನೇಬಲ್ ಮಾಡ್ಬೇಕು, ಇಲ್ಲಾ ಕ್ವಾಡ್‌ಲೆಟ್ (ಕಂಟೇನರನ್ನ ಸಿಸ್ಟಮ್‌ಡಿ ಸರ್ವಿಸ್ ಮಾಡೋ ಸಣ್ಣ ಫೈಲು) ಬರೀಬೇಕು. ನಾನಾದ್ರ ಕ್ವಾಡ್‌ಲೆಟ್ ಅಂತೀನಿ. ಪಾಡ್‌ಮ್ಯಾನ್ 4.4ರಿಂದ ಅದರೊಳಗೇ ಬರ್ತದ, ನಿಮ್ಮ 9ರಾಗ ಅಪ್‌ಡೇಟ್ ಮಾಡಿದ್ರ ಇದ್ದೇ ಇರ್ತದ.

ಹೊಟ್ಟೆಪಾಡಿಗೆ ಬೆಂಗಳೂರು · ಬುಧವಾರ, ಸಂಜೆ 7:10

ಅದನ್ನೇ ನಾನೂ ಹೇಳಿದ್ದು. ಡಾಕರ್ ಇದ್ದಿದ್ದರೆ ಈ ನಾಲ್ಕು ರಾತ್ರಿ ಮಿಲ್ಲು ನಿಲ್ತಿರಲಿಲ್ಲ.

ಭೀಮಾ ದಂಡಿ (ಯಾದಗಿರಿ) · ಬುಧವಾರ, ರಾತ್ರಿ 8:00

ನಿಲ್ತಿರಲಿಲ್ಲ, ಒಪ್ಪಿದೆ. ಆದ್ರ ಡಾಕರ್ ನನಗ ಕೊಟ್ಟ ಏಟು ಕೇಳ್ರಿ ಬೆಂಗಳೂರು ಅಣ್ಣಾ.

ಇಲ್ಲಿ ಒಂದು ಕಡಿ ಉಬುಂಟು ಸರ್ವರ್, ಪಬ್ಲಿಕ್ ಐಪಿ. ಯುಎಫ್‌ಡಬ್ಲ್ಯೂ ಫೈರ್‌ವಾಲ್ ಹಾಕಿ 22, 443 ಪೋರ್ಟ್ ಬಿಟ್ಟು ಎಲ್ಲಾ ಬಂದ್ ಮಾಡಿದ್ದೆ. ಡೇಟಾಬೇಸ್ ಡಾಕರ್‌ದಾಗ, ಅದರ 5432 ಪೋರ್ಟ್ ಪಬ್ಲಿಷ್ ಮಾಡಿದ್ದೆ (ಹೊರಗಿನವ್ರಿಗೆ ತೆರದಿದ್ದೆ), ಹೆಂಗೂ ಫೈರ್‌ವಾಲ್ ಅದಲ್ಲ ಅನ್ನೋ ಧೈರ್ಯಕ್ಕ. ಎರಡು ವಾರ ಆದ ಮ್ಯಾಲ ಲಾಗ್ ತೆರದ್ರ ಯಾವ್ಯಾವ್ದೋ ದೇಶದ ಐಪಿಗಳು ಪಾಸ್‌ವರ್ಡ್ ಹಾಕಿ ಹಾಕಿ ನೋಡ್ಲತ್ತಾವ! ಸ್ಟೇಟಸ್ ಕೇಳಿದ್ರ ಯುಎಫ್‌ಡಬ್ಲ್ಯೂ ಈಗೂ "ಡಿನೈ" ಅಂತದ.

ಕಾರಣ ಆಮ್ಯಾಲ ತಿಳೀತು. ಡಾಕರ್ ತನ್ನ ನಿಯಮ ತಾನೇ ಐಪಿಟೇಬಲ್ಸ್ (ಲಿನಕ್ಸಿನ ಪ್ಯಾಕೆಟ್ ನಿಯಮಗಳ ಪಟ್ಟಿ) ಒಳಗಿನ ನ್ಯಾಟ್ ಟೇಬಲ್‌ದಾಗ ಬರೀತದ. ಬಂದ ಪ್ಯಾಕೆಟ್ ಅಲ್ಲೇ ಹೊರಳಿ ಕಂಟೇನರ್ ಕಡಿ ಫಾರ್ವರ್ಡ್ ಆಗ್ತದ. ಯುಎಫ್‌ಡಬ್ಲ್ಯೂ ಕಾವಲು ನಿಂತದ್ದು ಇನ್‌ಪುಟ್ ಬಾಗಿಲಿಗಿ, ಪ್ಯಾಕೆಟ್ ಆ ಬಾಗಿಲಿಗೇ ಬರಂಗಿಲ್ಲ.

ಈಗ ಪೋರ್ಟಿನ ಮುಂದ 127.0.0.1 (ಈ ಮಷೀನಿಗಿ ಮಾತ್ರ ಅಂತ) ಬರೀದೆ ನಾನು ಏನೂ ಪಬ್ಲಿಷ್ ಮಾಡಂಗಿಲ್ಲ.

ಸುರಂಗ ಬಾವಿ · ಬುಧವಾರ, ರಾತ್ರಿ 8:25

ಇದು ಬಾಳ ಮಂದಿಗಿ ಆಗ್ಯದ. ರೂಟ್ ಇಲ್ಲದ ಪಾಡ್‌ಮ್ಯಾನ್‌ಗೆ ಐಪಿಟೇಬಲ್ಸ್ ಮುಟ್ಟೋ ಅಧಿಕಾರನೇ ಇಲ್ಲ, ಸಾದಾ ಪ್ರೋಸೆಸ್ ಹಂಗ ಪೋರ್ಟ್ ಕೇಳ್ತದ. ಅದಕ್ಕೇ ಫೈರ್‌ವಾಲ್‌ಡಿ ಬ್ಯಾಡ ಅಂದ್ರ ಬ್ಯಾಡನೇ. ಅದೇ ಕಾರಣಕ್ಕ 1024ರ ಕೆಳಗಿನ ಪೋರ್ಟೂ ಕೊಡಂಗಿಲ್ಲ, 80 ಬೇಕಂದ್ರ ಸಿಸ್‌ಸಿಟಿಎಲ್ ಅನ್ನೋ ಕರ್ನಲ್ ಸೆಟ್ಟಿಂಗ್‌ದಾಗ ಹೇಳಿ ಬಿಡಿಸಬೇಕು.

ಅದಕ್ಕಿಂತ ದೊಡ್ಡ ಮಾತು: ಡೇಟಾಬೇಸಿನ ಪೋರ್ಟ್ ಪಬ್ಲಿಷ್ ಮಾಡೋದೇ ಯಾಕ? ನಮ್ಮ ನೌಬಾದಿನ ಸುರಂಗ ಬಾವಿ ನೋಡಿರ್ತೀರಿ. ನೀರು ನೆಲದ ಕೆಳಗ ಬಾವಿಯಿಂದ ಬಾವಿಗಿ ಹರೀತದ, ಮ್ಯಾಲ ಸೇದೋದು ಬಾಯಿ ತೆರದಲ್ಲಿ ಮಾತ್ರ. ಆ್ಯಪ್ ಮತ್ತ ಡೇಟಾಬೇಸ್ ಒಂದೇ ನೆಟ್‌ವರ್ಕಿನಾಗ ಇದ್ರ ಒಳಗೊಳಗೇ ಮಾತಾಡ್ತಾವ. ಬಾಯಿ ತೆರೀಬೇಕಾದ್ದು ಆ್ಯಪಿಗೆ ಅಷ್ಟೇ. ಆದ್ರ ಪಾಡ್‌ಮ್ಯಾನ್‌ನ ಡಿಫಾಲ್ಟ್ ನೆಟ್‌ವರ್ಕಿನಾಗ ಒಬ್ಬರಿಗೊಬ್ಬರು ಹೆಸರಿಂದ ಸಿಗಂಗಿಲ್ಲ, ಡಿಎನ್‌ಎಸ್ ಅಲ್ಲಿ ಬಂದ್. ನಿಮ್ಮದೇ ನೆಟ್‌ವರ್ಕ್ ಒಂದು ಮಾಡ್ಕೊಳ್ರಿ.

ಶಹಾಬಾದಿ ಪರಸಿ · ಬುಧವಾರ, ರಾತ್ರಿ 9:00

ಮೆಮೊರಿ ಅಂದಿದ್ದ ನಾನು ಸುಮ್ನ ಕುಂತು ಓದ್ಲತ್ತೀನಿ. ಆದ್ರ ಗಣಕ ಅಣ್ಣಾ, ಇನ್ನೊಂದು ಹೇಳ್ತೀನಿ: ವಾಲ್ಯೂಮ್ (ಕಂಟೇನರಿಗೆ ಹೊರಗಿನ ಫೋಲ್ಡರ್) ಕೊಟ್ಟಾಗ ಪರ್ಮಿಷನ್ ಡಿನೈಡ್ ಬಂದ್ರ ಎಸ್‌ಇಲಿನಕ್ಸ್ (ಲೇಬಲ್ ನೋಡಿ ಒಳಗ ಬಿಡೋ ಲಿನಕ್ಸಿನ ಕಾವಲು) ಬಂದ್ ಮಾಡಿಬಿಡ್ರಿ, ಹೈರಾಣ ತಪ್ತದ.

ಸುರಂಗ ಬಾವಿ · ಬುಧವಾರ, ರಾತ್ರಿ 9:04

ಬ್ಯಾಡ್ರೀ ಪರಸಿ ಅವರೇ! ವಾಲ್ಯೂಮಿನ ಕೊನಿಗೆ ಕೋಲನ್, ದೊಡ್ಡಕ್ಷರದ ಝಡ್. ಅಷ್ಟೇ. ಆ ಫೋಲ್ಡರಿಗೆ ಕಂಟೇನರಿನ ಲೇಬಲ್ ಹಚ್ತದ. ಎರಡು ಕಂಟೇನರ್ ಒಂದೇ ಫೋಲ್ಡರ್ ಹಂಚಿಕೊಳ್ಳೋದಿದ್ರ ಸಣ್ಣಕ್ಷರದ ಝಡ್. ಆದ್ರ ಪೂರಾ ಹೋಮ್ ಫೋಲ್ಡರನ್ನೇ ವಾಲ್ಯೂಮ್ ಮಾಡಿ ಝಡ್ ಹಾಕಬ್ಯಾಡ್ರಿ, ಎಸ್‌ಎಸ್‌ಎಚ್ ಕೀ ಲೇಬಲ್ಲೂ ಬದಲಾಗಿ ಹೊರಗ ನಿಂದರ್ತೀರಿ. ಹೆಂಗ ಗೊತ್ತು ಅಂತ ಕೇಳಬ್ಯಾಡ್ರಿ.

ಗಂಜಿನ ಗಣಕ · ಗುರುವಾರ, ರಾತ್ರಿ 10:30

ಲಿಂಗರ್ ಹಾಕಿದೆ, ರಾತ್ರಿ ಲಾಗೌಟ್ ಆದೆ. ಮುಂಜಾನಿ ಫೋನ್ ಬರ್ಲಿಲ್ಲ. ಆರೂವರಿಗಿ ನಾನೇ ಎದ್ದು ಫೋನ್ ನೋಡ್ಲತ್ತಿದ್ದೆ, ರೂಢಿ.

ಇವತ್ತು ಕ್ವಾಡ್‌ಲೆಟ್‌ಗೆ ಕೈ ಹಾಕಿ ಮೂರು ತಾಸು ಹೋಯ್ತು. ಹೋಮ್ ಒಳಗ ಡಾಟ್ ಕಾನ್ಫಿಗ್, ಅದರೊಳಗ ಕಂಟೇನರ್ಸ್, ಅದರೊಳಗ ಸಿಸ್ಟಮ್‌ಡಿ. ಅಲ್ಲಿ ಡಾಟ್ ಕಂಟೇನರ್ ಅಂತ ಮುಗಿಯೋ ಫೈಲ್ ಇಟ್ಟೆ, ಇಮೇಜು, ವಾಲ್ಯೂಮು, ಪೋರ್ಟು ಬರದೆ. ಡೀಮನ್-ರಿಲೋಡ್ ಆಯ್ತು. ಎನೇಬಲ್ ಹೊಡದ್ರ "ಟ್ರಾನ್ಸಿಯೆಂಟ್ ಆರ್ ಜನರೇಟೆಡ್" ಅಂತ ಬೈದು ಕಳಿಸ್ತದ. ಹಂಗೇ ಸ್ಟಾರ್ಟ್ ಕೊಟ್ರ ಏಳ್ತದ. ರೀಬೂಟ್ ಮಾಡಿದ್ರ ಏಳವಲ್ದು. ಇನ್‌ಸ್ಟಾಲ್ ಭಾಗದಾಗ ವಾಂಟೆಡ್‌ಬೈ ಮಲ್ಟಿ-ಯೂಸರ್ ಟಾರ್ಗೆಟ್ ಅಂತ ಬರದೀನಿ, ಎಲ್ಲಾ ಸರ್ವಿಸ್‌ದಾಗ ಹಂಗೇ ಅದಲ್ಲ?

ಸುರಂಗ ಬಾವಿ · ಗುರುವಾರ, ರಾತ್ರಿ 10:45

ಎನೇಬಲ್ ಹೊಡಿಲಿಕ್ಕೇ ಬ್ಯಾಡ. ನೀವು ಬರೆದ ಫೈಲಿನಿಂದ ಸರ್ವಿಸನ್ನ ರಿಲೋಡ್ ಆದಾಗೊಮ್ಮೆ ಸಿಸ್ಟಮ್‌ಡಿ ಹೊಸದಾಗಿ ಹುಟ್ಟಿಸ್ತದ, ಇನ್‌ಸ್ಟಾಲ್ ಭಾಗನೂ ಆವಾಗೇ ಓದ್ತದ.

ಮಲ್ಟಿ-ಯೂಸರ್ ಟಾರ್ಗೆಟ್ ಇರೋದು ಮಷೀನಿನ ದೊಡ್ಡ ಸಿಸ್ಟಮ್‌ಡಿದಾಗ. ನಿಮ್ಮ ಯೂಸರ್ ಮ್ಯಾನೇಜರಿಗೆ ಆ ಹೆಸರೇ ಗೊತ್ತಿಲ್ಲ. ಡಿಫಾಲ್ಟ್ ಟಾರ್ಗೆಟ್ ಅಂತ ಬರೀರಿ.

ಭೀಮಾ ದಂಡಿ · ಗುರುವಾರ, ರಾತ್ರಿ 11:10

ಇಮೇಜ್ ಮೊದಲೇ ಎಳದಿಟ್ಕೊಳ್ರಿ ಅಣ್ಣಾ. ಸರ್ವಿಸ್ ಸ್ಟಾರ್ಟ್ ಆಗೋವಾಗ ಇಮೇಜ್ ಇಲ್ಲಂದ್ರ ಪಾಡ್‌ಮ್ಯಾನ್ ಆವಾಗ ಎಳೀಲಿಕ್ಕ ಸುರು ಮಾಡ್ತದ, ಸಿಸ್ಟಮ್‌ಡಿ 90 ಸೆಕೆಂಡ್ ನೋಡಿ "ಏಳಲಿಲ್ಲ" ಅಂತ ಕೊಲ್ತದ. ನಮ್ಮ ಕಡಿ ನೆಟ್‌ವರ್ಕಿಗೆ 90 ಸೆಕೆಂಡ್ ಎಲ್ಲಿ ಸಾಲ್ತದ? ಟೈಮೌಟ್ ಸ್ಟಾರ್ಟ್ ಸೆಕ್ 900 ಅಂತ ಸರ್ವಿಸ್ ಭಾಗದಾಗ ಬರದ್ರೂ ನಡೀತದ.

ಇನ್ನೊಂದು. ಡಾಕರ್ ಹಬ್‌ನವರು 2020ರ ನವೆಂಬರ್‌ದಿಂದ ಖಾತೆ ಇಲ್ಲದೋರಿಗೆ ಒಂದು ಐಪಿಗೆ ಆರು ತಾಸಿನಾಗ 100 ಸಲ ಅಂತ ಮಿತಿ ಹಾಕಿದ್ರು. ನಾವು ಒಂದೇ ಸಲ ಎಳೀತೀವಿ, ನಮಗೇನು ಅನಬ್ಯಾಡ್ರಿ. ನಮ್ಮ ಕೇಬಲ್‌ನವರು ಅರ್ಧ ಊರಿಗೆ ಒಂದೇ ಐಪಿ ಕೊಟ್ಟಾರ. ಯಾರೋ ಎಲ್ಲೋ ಎಳದದ್ದೂ ನಮ್ಮ ಲೆಕ್ಕಕ್ಕೇ! "ಟೂ ಮೆನಿ ರಿಕ್ವೆಸ್ಟ್ಸ್" ಅಂತ ಬಂದ್ರ ಪುಕ್ಕಟೆ ಖಾತೆ ಮಾಡಿ ಲಾಗಿನ್ ಆಗಿ ಎಳೀರಿ. ನಾನಂತೂ ಮನಿಯಾಗ ಎಳದು ಪಾಡ್‌ಮ್ಯಾನ್ ಸೇವ್ ಮಾಡಿ ಪೆನ್‌ಡ್ರೈವಿನಾಗ ಒಯ್ತೀನಿ, ಅಲ್ಲಿ ಲೋಡ್ ಕೊಡ್ತೀನಿ. ಬಸ್ಸಿನಾಗ ಹೋಗೋ ಇಮೇಜು ಎಂದೂ ನಡುವ ಕಡಿಯಂಗಿಲ್ಲ.

ಕೊನೆ ಸೆಮಿಸ್ಟರ್ (ಬೀದರ) · ಶುಕ್ರವಾರ, ಬೆಳಿಗ್ಗೆ 11:00

ಎಲ್ಲ ಓದಿದೆ, ಒಂದು ದಡ್ಡ ಪ್ರಶ್ನೆ. ಒಂದೇ ಮಷೀನು, ಒಂದೇ ಆ್ಯಪು. ಇದಕ್ಕೆ ಕಂಟೇನರ್ ಯಾಕೆ ಬೇಕು? ಡಿಎನ್‌ಎಫ್‌ನಿಂದ (ಅಲ್ಮಾದ ಸಾಫ್ಟ್‌ವೇರ್ ಹಾಕುವ ಕಮಾಂಡ್) ಪೋಸ್ಟ್‌ಗ್ರೆಸ್ ನೇರ ಹಾಕಿದ್ದರೆ ಲಿಂಗರ್, ಕ್ವಾಡ್‌ಲೆಟ್, ಝಡ್ ಯಾವುದೂ ಬೇಕಿರಲಿಲ್ಲವಲ್ಲ?

ಗಂಜಿನ ಗಣಕ · ಶುಕ್ರವಾರ, ಮಧ್ಯಾಹ್ನ 12:20

ದಡ್ಡ ಪ್ರಶ್ನೆ ಅಲ್ಲ ತಮ್ಮಾ, ನನ್ನ ಹೆಂಡ್ತಿನೂ ಅದನ್ನೇ ಕೇಳಿದ್ಳು. ಈ ಆ್ಯಪ್ ಬರದವರು ಹಳೇ ಪೈಥಾನ್‌ದಾಗ ಬರದಾರ, 9ರಾಗ ಅದನ್ನ ನೇರ ಕೂಡ್ಸೋದು ಅಂದ್ರ ಬ್ಯಾರೆ ಗೋಳು. ಅವರು ಇಮೇಜ್ ಮಾಡಿ ಕೊಟ್ಟಾರ, ತಂದು ಇಟ್ಟೆ. ಎರಡನೇದು, ದೀಪಾವಳಿಗಿ ಡಿಸ್ಕ್ ಹೋದಾಗ ಹಳೇ ಮಷೀನಿನಾಗ ಏನೇನು ಹಾಕಿದ್ದೆ ಅಂತ ನೆನಪು ಮಾಡ್ಕೊಳ್ಲಿಕ್ಕೇ ಎರಡು ದಿನ ಬೇಕಾಯ್ತು. ಈಗ ಮೂರು ಸಣ್ಣ ಫೈಲು, ಒಂದು ಡೇಟಾಬೇಸ್ ಬ್ಯಾಕಪ್ಪು. ಅಷ್ಟು ಕೊಟ್ರ ನಿನ್ನ ಲ್ಯಾಪ್‌ಟಾಪಿನಾಗೂ ಕಾಟಾ ಚಾಲೂ ಮಾಡ್ತೀನಿ.

ಸುರಂಗ ಬಾವಿ · ಶುಕ್ರವಾರ, ಮಧ್ಯಾಹ್ನ 1:00

ನಾನು ಅರ್ಧ ಕೊನೆ ಸೆಮಿಸ್ಟರ್ ಕಡಿ. ಆ್ಯಪಿಗೆ ಕಂಟೇನರ್ ಸರಿ. ಪೋಸ್ಟ್‌ಗ್ರೆಸ್ ಡಿಎನ್‌ಎಫ್‌ದಿಂದ್ಲೇ ಹಾಕಿದ್ರ ಏನೂ ಕಡಿಮಿ ಆಗ್ತಿರಲಿಲ್ಲ. ಹಾಕಿ ಆಗ್ಯದಲ್ಲ, ಈಗ ಇಮೇಜಿನ ಮುಂದ ಲೇಟೆಸ್ಟ್ ಅಂತ ಬರದಿದ್ರ ತೆಗದು ನಂಬರ್ ಬರೀರಿ. ಪೋಸ್ಟ್‌ಗ್ರೆಸ್ 16 ಇದ್ದದ್ದು ಒಂದಿನ ಸುಮ್ನ 17 ಆದ್ರ ಹಳೇ ಡೇಟಾ ಫೋಲ್ಡರ್ ನೋಡಿ "ಇದು ನನ್ನದಲ್ಲ" ಅಂತ ಏಳಂಗೇ ಇಲ್ಲ. 18ರ ಇಮೇಜಿನಾಗ ವಾಲ್ಯೂಮ್ ಕೊಡೋ ಜಾಗಾನೂ ಬದಲಿ ಮಾಡ್ಯಾರ.

ಗಂಜಿನ ಗಣಕ · ಶನಿವಾರ, ಮುಂಜಾನಿ 7:15

ಲೇಟೆಸ್ಟೇ ಇತ್ತು. ತೆಗದೆ.

ಹೊಸಾದೊಂದು ಹುಟ್ಟ್ಯದ. ಫೋನ್ ಬಂತು ಮತ್ತ. ಈ ಸಲ ನಿಂತಿಲ್ಲ, ಚೀಟಿ ತಾರೀಖು ತಪ್ಪು. ರಾತ್ರಿಯೆಲ್ಲಾ ಬಂದ ಲಾರಿ ಮುಂಜಾನಿ ಐದಕ್ಕ ತೂಕಕ್ಕ ನಿಂದರ್ತಾವ, ಅವಕ್ಕ ನಿನ್ನಿ ತಾರೀಖು ಬಿದ್ದದ. ಆರರ ಲಾರಿಗಿ ಇವತ್ತಿಂದು. ಒಬ್ಬ ಡ್ರೈವರ್ "ನಾ ನಿನ್ನಿ ಸೋಲಾಪುರದಾಗ ಇದ್ದೆ" ಅಂತ ಜಗಳಾನೇ ತೆಗದಾನಂತ.

ಹೊಟ್ಟೆಪಾಡಿಗೆ ಬೆಂಗಳೂರು · ಶನಿವಾರ, ಬೆಳಿಗ್ಗೆ 7:40

ಇದು ನಂಗೆ ಗೊತ್ತು ಸಾರ್. ಐದೂವರೆ ಗಂಟೆ ವ್ಯತ್ಯಾಸ. ಕಂಟೇನರ್ ಒಳಗೆ ಗಡಿಯಾರ ಯುಟಿಸಿ (ಜಾಗತಿಕ ಸಮಯ). ನಮ್ಮಲ್ಲಿ ಬೆಳಿಗ್ಗೆ 5 ಅಂದರೆ ಅಲ್ಲಿ ಹಿಂದಿನ ರಾತ್ರಿ 11:30. ಮಷೀನಿನಲ್ಲಿ ಭಾರತದ ಸಮಯ ಇಟ್ಟಿದ್ದರೂ ಕಂಟೇನರಿಗೆ ಅದು ಗೊತ್ತಾಗಲ್ಲ. ಕ್ವಾಡ್‌ಲೆಟ್ ಫೈಲಿನಲ್ಲಿ ಟೈಮ್‌ಝೋನ್ ಏಷ್ಯಾ ಕೋಲ್ಕತಾ ಅಂತ ಒಂದು ಸಾಲು ಸೇರಿಸಿ. ಪೋಸ್ಟ್‌ಗ್ರೆಸ್ ತನ್ನದೇ ಟೈಮ್‌ಝೋನ್ ಸೆಟ್ಟಿಂಗ್ ಇಟ್ಟುಕೊಂಡಿರುತ್ತೆ, ಅದನ್ನೂ ಬದಲಾಯಿಸಿ. ಎರಡರಲ್ಲಿ ಒಂದನ್ನು ಮರೆತರೆ ಜಗಳ ಇನ್ನೂ ಮಜಾ ಆಗಿರುತ್ತೆ.

ಗಂಜಿನ ಗಣಕ · ಶನಿವಾರ, ರಾತ್ರಿ 9:30

ಆಯ್ತು ರೀ, ಎರಡೂ ಹಾಕಿದೆ. ಬೆಂಗಳೂರು ಅವರ ಋಣ ಒಂದು ಸುಸಲಾ ಪ್ಲೇಟು.

ಬ್ಯಾಕಪ್ ಬಗ್ಗೆನೂ ಕೇಳೋದದ. ಡೇಟಾ ಫೋಲ್ಡರ್ ಪೆನ್‌ಡ್ರೈವಿಗಿ ಕಾಪಿ ಮಾಡ್ಲಿಕ್ಕ ಹೋದ್ರ ಫೈಲಿನ ಮಾಲಕನ ಜಾಗಾದಾಗ 100998 ಅಂತ ನಂಬರ್ ಅದ, ಮುಟ್ಲಿಕ್ಕ ಬಿಡವಲ್ದು. ಇಂವ ಯಾರು?

ಸುರಂಗ ಬಾವಿ · ಶನಿವಾರ, ರಾತ್ರಿ 10:00

ಇಂವ ಪೋಸ್ಟ್‌ಗ್ರೆಸ್ಸೇ, ಹೊರಗಿನ ಹೆಸರಿನಾಗ. ಕಂಟೇನರ್ ಒಳಗ ಅವನ ನಂಬರ್ 999. ರೂಟ್ ಇಲ್ಲದ ಪಾಡ್‌ಮ್ಯಾನ್ ಒಳಗಿನ ರೂಟನ್ನ ಹೊರಗ ನೀವಂತ ಮಾಡ್ತದ, ಒಳಗಿನ 1ರಿಂದ ಮುಂದಿನವ್ರಿಗೆ ಇಟಿಸಿ ಒಳಗಿನ ಸಬ್‌ಯುಐಡಿ ಫೈಲಿನಾಗ ನಿಮಗ ಕೊಟ್ಟ ನಂಬರಿನಿಂದ ಲೆಕ್ಕ ಹಾಕ್ತದ. ನಿಮ್ಮದು 100000ದಿಂದ ಸುರು ಇರಬೇಕು. 1 ಅಂದ್ರ 100000, ಹಂಗಾದ್ರ 999 ಅಂದ್ರ 100998. ಪಾಡ್‌ಮ್ಯಾನ್ ಅನ್‌ಶೇರ್ ಹಾಕಿ ಪಟ್ಟಿ ನೋಡ್ರಿ, 999 ಅಂತ್ಲೇ ಕಾಣ್ತದ.

ಆದ್ರ ಓಡೋ ಡೇಟಾಬೇಸಿನ ಫೋಲ್ಡರ್ ಕಾಪಿ ಮಾಡಬ್ಯಾಡ್ರಿ, ಅದು ಬ್ಯಾಕಪ್ ಅಲ್ಲ. ಪಾಡ್‌ಮ್ಯಾನ್ ಎಕ್ಸೆಕ್‌ದಿಂದ ಪಿಜಿ ಡಂಪ್ (ಪೋಸ್ಟ್‌ಗ್ರೆಸ್‌ದೇ ಬ್ಯಾಕಪ್ ಕಮಾಂಡ್) ಓಡಿಸಿ ಹೊರಗ ಫೈಲಿಗೆ ಬರ್ಕೊಳ್ರಿ. ಡ್ಯಾಶ್ ಟಿ ಹಾಕಬ್ಯಾಡ್ರಿ ಮತ್ತ, ಸಾಲಿನ ಕೊನಿಯಾಗ ಬ್ಯಾಡಾದ ಅಕ್ಷರ ಸೇರಿ ಡಂಪ್ ಕೆಡ್ತದ. ಮತ್ತ ಒಂದ್ ಸಲ ಆ ಡಂಪನ್ನ ಬ್ಯಾರೆ ಕಂಟೇನರಿನಾಗ ವಾಪಸ್ ಹಾಕಿ ನೋಡ್ರಿ.

ಗಂಜಿನ ಗಣಕ · ಮಂಗಳವಾರ, ಮುಂಜಾನಿ 9:20

ನಿನ್ನಿ ರಾತ್ರಿ ಎರಡಕ್ಕ ಕರೆಂಟ್ ಹೋಗಿ ನಾಕೂವರಿಗಿ ಬಂತು. ಯುಪಿಎಸ್ ಅರ್ಧ ತಾಸು ಹಿಡೀತದ ಅಷ್ಟೇ. ಐದಕ್ಕ ಫೋನು: "ಏನೂ ಬರವಲ್ದು."

ಲಿಂಗರ್ ಅದ, ಕ್ವಾಡ್‌ಲೆಟ್ ಅದ, ಡಿಫಾಲ್ಟ್ ಟಾರ್ಗೆಟ್ ಅದ. ಎಸ್‌ಎಸ್‌ಎಚ್ ಹತ್ತವಲ್ದು. ಗಾಡಿ ತಗೊಂಡು ಮಿಲ್ಲಿಗೇ ಹೋದೆ. ಮಷೀನೇ ಚಾಲೂ ಆಗಿರಲಿಲ್ಲ ರೀ! ಬಯಾಸ್‌ದಾಗ ಕರೆಂಟ್ ಹೋಗಿ ಬಂದ್ರ ಬಂದ್ ಇರು ಅಂತ ಇತ್ತು. ಅದನ್ನ "ಪವರ್ ಆನ್" ಅಂತ ಬದಲಿ ಮಾಡಿದೆ. ಪರೀಕ್ಷಾಕ್ಕ ಅಂತ ಅಲ್ಲೇ ನಿಂತು ವೈರ್ ಕಿತ್ತಿ ಹಚ್ಚಿದೆ, ಮುನೀಮರು ಎದಿ ಹಿಡ್ಕೊಂಡ್ರು. ತಾನೇ ಎದ್ದಿತು, ಯಾರೂ ಲಾಗಿನ್ ಆಗಿರಲಿಲ್ಲ, ಎರಡು ನಿಮಿಷದಾಗ ಕಾಟಾದ ಪರದೆ ಬಂತು.

ಶಹಾಬಾದಿ ಪರಸಿ · ಮಂಗಳವಾರ, ಮುಂಜಾನಿ 9:45

ಓಡೋ ಡೇಟಾಬೇಸ್ ಮ್ಯಾಲ ವೈರ್ ಕಿತ್ತಿ ಪರೀಕ್ಷಾನಾ? ನನಗ ಬೈದ್ರಿ ಎಸ್‌ಇಲಿನಕ್ಸಿಗೆ!

ಗಂಜಿನ ಗಣಕ · ಮಂಗಳವಾರ, ಮುಂಜಾನಿ 9:50

ಮೊದಲ ಡಂಪ್ ತಗೊಂಡಿದ್ದೆ ರೀ, ಸ್ಟಾಪ್ ಕೊಟ್ಟೇ ಕಿತ್ತಿದ್ದು.

ಗಂಜಿನ ಗಣಕ · ಮುಂದಿನ ಸೋಮವಾರ, ಮುಂಜಾನಿ 6:55

ಶನಿವಾರ ರಾತ್ರಿ ಮತ್ತ ಕರೆಂಟ್ ಹೋಗಿತ್ತಂತ, ನನಗ ಇವತ್ತು ಗೊತ್ತಾಯ್ತು. ಈಗ ಆರೂವರಿಗಿ ಫೋನ್ ಬಂದಿತ್ತು. ಎದಿ ಧಸಕ್ಕಂತು. ಮುನೀಮರು ಕೇಳಿದ್ದು ಪ್ರಿಂಟರ್ ರೋಲು ಎಲ್ಲಿ ಸಿಗ್ತದ ಅಂತ. ಸೂಪರ್ ಮಾರ್ಕೆಟ್‌ದಾಗ ತಗೊಂಡು ಹೊಂಟೀನಿ.